ಕೈಗವಸು ಮತ್ತು ಬ್ಯಾಟು: ಭಾರತ ತಂಡದ ವಿಕೆಟ್‌ಕೀಪರ್ ಆಯ್ಕೆಯಲ್ಲಿ ಕರ್ನಾಟಕದ ಸಾಕ್ಷ್ಯ (1960–2025)

ಪ್ರಸ್ತಾವನೆ

ಮಾಗಡಿ ತಾಲ್ಲೂಕಿನ ಕಲ್ಯದಂಥ ಊರಿನಲ್ಲಿ ಭಾನುವಾರ ಹುಡುಗರು ಟೆನಿಸ್ ಬಾಲ್ ಹಿಡಿದು ಬಯಲಿಗಿಳಿದರೆ ಮೊದಲು ಇತ್ಯರ್ಥವಾಗುವ ಪ್ರಶ್ನೆ ಕೀಪರ್ ಯಾರು ಎನ್ನುವುದು. ಆಳು ಕಡಿಮೆ ಬಿದ್ದರೆ ಬ್ಯಾಟಿಂಗ್ ಮಾಡುವ ತಂಡದವನೇ ಒಬ್ಬ ಸ್ಟಂಪಿನ ಹಿಂದೆ ನಿಲ್ಲುತ್ತಾನೆ. ಅವನು ‘ಕಾಮನ್ ಕೀಪರ್’. ಅವನು ಬಿಟ್ಟ ಚೆಂಡಿಗೆ ಬೈ ರನ್ ಇಲ್ಲ, ಹಿಡಿದ ಚೆಂಡಿಗೆ ಶಹಬ್ಬಾಸ್ ಕೂಡ ಇಲ್ಲ. ಬೌಲಿಂಗ್ ಯಾರಿಗೆ, ಮೊದಲು ಬ್ಯಾಟ್ ಯಾರಿಗೆ ಎಂದು ಜಗಳವಾಗುತ್ತದೆಯೇ ಹೊರತು ಕೀಪಿಂಗ್ ನನಗೇ ಬೇಕೆಂದು ಹಟ ಹಿಡಿಯುವ ಹುಡುಗ ಸಿಗುವುದು ಅಪರೂಪ. ಬಯಲಾಟದ ಈ ಉದಾಸೀನ ರಾಷ್ಟ್ರೀಯ ತಂಡದ ಆಯ್ಕೆಯವರೆಗೂ ಹಬ್ಬಿದೆಯೇ ಎಂಬ ಪ್ರಶ್ನೆಯಿಂದ ಈ ಲೇಖನ ಹುಟ್ಟಿತು.

ಇದೇ ಕಲ್ಯದಲ್ಲಿ ಒಂದು ಶಾಸನವಿದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ವಿಜಯನಗರದ ಬುಕ್ಕರಾಯ ಎರಡೂ ದರ್ಶನಗಳಿಗೆ ಭೇದವಿಲ್ಲವೆಂದು ತೀರ್ಪು ಕೊಟ್ಟು, ಅದನ್ನು ಕಲ್ಲಿನಲ್ಲಿ ಕೊರೆಸಿದ. ಶ್ರವಣಬೆಳಗೊಳದಲ್ಲಿರುವ ಆ ತೀರ್ಪು ಕಲ್ಯದಲ್ಲೂ ಇದೆ. ಎರಡು ಪಕ್ಷಗಳ ನಡುವೆ ನ್ಯಾಯ ಹೇಳಿದವನು ಏನು ಹೇಳಿದೆ, ಏಕೆ ಹೇಳಿದೆ ಎಂಬುದನ್ನು ಮುಂದಿನವರು ಓದುವಂತೆ ಬಿಟ್ಟುಹೋದ. ಆರುನೂರೈವತ್ತು ವರ್ಷಗಳ ಬಳಿಕವೂ ನಾವು ಆ ತೀರ್ಪನ್ನು ಓದಿ, ಒಪ್ಪಿ, ಚರ್ಚಿಸಬಲ್ಲೆವು. ಕ್ರಿಕೆಟ್ ಆಯ್ಕೆ ಸಮಿತಿಯ ತೀರ್ಪು ಬರುವುದು ಬಹುಪಾಲು ಹೆಸರುಗಳ ಪಟ್ಟಿಯಾಗಿ. ಕೈಗವಸಿಗೆ ಎಷ್ಟು ತೂಕ ಕೊಟ್ಟರು, ಬ್ಯಾಟಿಗೆ ಎಷ್ಟು ಕೊಟ್ಟರು ಎಂಬುದನ್ನು ಫಲಿತಾಂಶಗಳಿಂದಲೇ ಊಹಿಸಿಕೊಳ್ಳಬೇಕು.

ಹಾಗೆ ಊಹಿಸಲು ಕರ್ನಾಟಕದಷ್ಟು ಸಾಮಗ್ರಿ ಒದಗಿಸುವ ರಾಜ್ಯಗಳು ಕಡಿಮೆ. ಬುಧಿ ಕುಂದರನ್, ಸೈಯದ್ ಕಿರ್ಮಾನಿ, ಸದಾನಂದ ವಿಶ್ವನಾಥ್, ವಿ. ಕಲ್ಪನಾ, ಕರುಣಾ ಜೈನ್, ರಾಹುಲ್ ದ್ರಾವಿಡ್, ಕೆ.ಎಲ್. ರಾಹುಲ್ — ಈ ಏಳು ಜನರ ಆಯ್ಕೆ, ನಿರಾಕರಣೆ ಮತ್ತು ಮರುಆಯ್ಕೆಗಳನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡುವುದು ಇಲ್ಲಿನ ವಿಧಾನ. ಕೀಪರ್‌ನ ಕೈ ಮತ್ತು ಬ್ಯಾಟುಗಳ ತೂಕವನ್ನು ನಿರ್ಧರಿಸಬೇಕಾದದ್ದು ತಂಡದ ಬೌಲಿಂಗ್ ಮತ್ತು ಪಿಚ್. ಅದನ್ನು ಮರೆತು ರನ್ ಪಟ್ಟಿಯನ್ನಷ್ಟೇ ನೋಡಿದಾಗ, ಇಲ್ಲವೇ ಯಾವ ಪಟ್ಟಿಯನ್ನೂ ನೋಡದಿದ್ದಾಗ ಅನ್ಯಾಯವಾಗಿದೆ. ಇದು ಈ ಲೇಖನದ ವಾದ.

ಲೆಕ್ಕಕ್ಕೆ ಸಿಗದ ಕೆಲಸ

ಬ್ಯಾಟ್ಸ್‌ಮನ್ ಹೊಡೆದ ಪ್ರತಿ ರನ್ನೂ ಸ್ಕೋರ್ ಪುಸ್ತಕ ಸೇರುತ್ತದೆ. ಕೀಪರ್‌ನ ಖಾತೆಯಲ್ಲಿ ಕಾಣುವುದು ಕ್ಯಾಚ್, ಸ್ಟಂಪಿಂಗ್ ಮತ್ತು ಬೈ ಮಾತ್ರ. ಕೈ ತಪ್ಪಿದ ಸ್ಟಂಪಿಂಗ್, ಕಾಲು ಚಲಿಸದೆ ಕೈಗೆ ಸಿಗದೇ ಹೋದ ಕ್ಯಾಚ್, ಕೀಪರ್ ಮೇಲೆ ನಂಬಿಕೆಯಿಲ್ಲದೆ ಸ್ಪಿನ್ನರ್ ಹಾಕದೇ ಉಳಿಸಿಕೊಂಡ ಗೂಗ್ಲಿ, ಇವು ಯಾವ ಕಾಲಂನಲ್ಲೂ ಬರುವುದಿಲ್ಲ. ಒಂದು ಟೆಸ್ಟ್ ಪಂದ್ಯದಲ್ಲಿ ಕೀಪರ್ ಗಳಿಸಿದ 40 ರನ್ ಎಲ್ಲರಿಗೂ ಕಾಣುತ್ತದೆ. 10 ರನ್ನಿಗೆ ಹೋಗಬೇಕಾಗಿದ್ದ ಎದುರಾಳಿ ಅವನಿಂದ ಜೀವದಾನ ಪಡೆದು 110 ಗಳಿಸಿದರೆ ಆ ನೂರು ರನ್ ಬೌಲರ್‌ನ ಲೆಕ್ಕಕ್ಕೆ ಹೋಗುತ್ತದೆ. ಆಯ್ಕೆಗಾರನ ಕಣ್ಣು ಬ್ಯಾಟಿನ ಕಡೆ ಸರಿಯುವುದಕ್ಕೆ ಮೂಲ ಕಾರಣ ಈ ಲೆಕ್ಕಪತ್ರದ ಕೊರತೆ.

ಹೊರಜಗತ್ತಿನಲ್ಲೂ ಈ ವಾದ ಹಳೆಯದು. ಆಸ್ಟ್ರೇಲಿಯಾದ ಬರ್ಟ್ ಓಲ್ಡ್‌ಫೀಲ್ಡ್ 54 ಟೆಸ್ಟ್‌ಗಳಲ್ಲಿ 52 ಸ್ಟಂಪಿಂಗ್ ಮಾಡಿದ ದಾಖಲೆ ಇಂದಿಗೂ ಮುರಿದಿಲ್ಲ. ಅವರ ಮುಂದೆ ಬೌಲ್ ಮಾಡುತ್ತಿದ್ದವರಲ್ಲಿ ಮೈಲಿ, ಗ್ರಿಮೆಟ್ ಅವರಂಥ ಲೆಗ್ ಸ್ಪಿನ್ನರ್‌ಗಳಿದ್ದರು. ಅದೇ ಕಾಲದ ಕೊನೆಯಲ್ಲಿ ಇಂಗ್ಲೆಂಡಿನ ಲೆಸ್ ಏಮ್ಸ್ ಟೆಸ್ಟ್‌ನಲ್ಲಿ 8 ಶತಕ ಹೊಡೆದು, ಕೀಪರ್ ಬ್ಯಾಟ್ಸ್‌ಮನ್ ಕೂಡ ಆಗಬಲ್ಲ ಎಂದು ತೋರಿಸಿದರು. ಆಡಂ ಗಿಲ್‌ಕ್ರಿಸ್ಟ್ 96 ಟೆಸ್ಟ್‌ಗಳಲ್ಲಿ 17 ಶತಕ ಗಳಿಸಿದ ಮೇಲೆ ಎಲ್ಲ ದೇಶಗಳೂ ತಮಗೊಬ್ಬ ಗಿಲ್‌ಕ್ರಿಸ್ಟ್ ಬೇಕೆಂದು ಹುಡುಕತೊಡಗಿದವು. ಭಾರತದ ಆಯ್ಕೆಗಾರರಿಗೆ ಈ ಇಕ್ಕಟ್ಟು ಎದುರಾದದ್ದು ಗಿಲ್‌ಕ್ರಿಸ್ಟ್ ಹುಟ್ಟುವುದಕ್ಕೂ ಮೊದಲು. ಎದುರಿಗೆ ನಿಂತಿದ್ದವರು ಮೂಲ್ಕಿಯ ಒಬ್ಬ ಯುವಕ.

ಬುಧಿ ಕುಂದರನ್: ರನ್ ಗಳಿಸಿಯೂ ನೆಲೆ ಸಿಗದವರು

1959–60ರ ಆಸ್ಟ್ರೇಲಿಯಾ ಸರಣಿಯಲ್ಲಿ ಭಾರತ ಮೊದಲ ಮೂರು ಟೆಸ್ಟ್‌ಗಳಿಗೆ ಮೂವರು ಕೀಪರ್‌ಗಳನ್ನು ಆಡಿಸಿತು: ನಾನಾ ಜೋಶಿ, ನರೇನ್ ತಮ್ಹಾಣೆ, ಬುಧಿ ಕುಂದರನ್. 1960ರ ಜನವರಿ 1ರಂದು ಮುಂಬೈನಲ್ಲಿ ಟೆಸ್ಟ್‌ಗೆ ಕಾಲಿಟ್ಟಾಗ ಕುಂದರನ್ ಒಂದೇ ಒಂದು ರಣಜಿ ಪಂದ್ಯವನ್ನೂ ಆಡಿರಲಿಲ್ಲ. ಸ್ವಂತ ಕೀಪಿಂಗ್ ಗ್ಲೌಸ್ ಕೂಡ ಇರಲಿಲ್ಲ. ತಮ್ಹಾಣೆ ತಮ್ಮ ಜೋಡಿಯನ್ನು ಕೊಟ್ಟರು. ಜಾಗ ಕಳೆದುಕೊಂಡವನು ತನ್ನ ಜಾಗಕ್ಕೆ ಬಂದವನ ಕೈಗೆ ತನ್ನ ಕೈಗವಸನ್ನೇ ತೊಡಿಸಿದ ಆ ಗಳಿಗೆ ಭಾರತೀಯ ಕೀಪಿಂಗ್ ಚರಿತ್ರೆಯ ಅತ್ಯಂತ ಮನಮುಟ್ಟುವ ಸಂಗತಿಗಳಲ್ಲೊಂದು. ಮುಂದಿನ ಮದ್ರಾಸ್ ಟೆಸ್ಟ್‌ನಲ್ಲಿ ಕುಂದರನ್ 71 ಹೊಡೆದರು. ಆಮೇಲೆ ರೈಲ್ವೇಸ್ ಪರ ಆಡಿದ ಮೊದಲ ರಣಜಿ ಪಂದ್ಯದಲ್ಲೇ ದ್ವಿಶತಕ ಬಂತು.

ಮುಂದಿನ ಏಳು ವರ್ಷ ಅವರಿಗೂ ಮುಂಬೈನ ಫರೂಕ್ ಎಂಜಿನಿಯರ್‌ಗೂ ಒಂದೇ ಜಾಗಕ್ಕೆ ಪೈಪೋಟಿ. 1964ರ ಜನವರಿಯಲ್ಲಿ ಇಂಗ್ಲೆಂಡ್ ವಿರುದ್ಧದ ಮದ್ರಾಸ್ ಟೆಸ್ಟ್‌ಗೆ ಎಂಜಿನಿಯರ್ ಲಭ್ಯರಾಗದೆ ಕುಂದರನ್‌ಗೆ ಕರೆ ಬಂತು. ಇನಿಂಗ್ಸ್ ಆರಂಭಿಸಿದ ಅವರು ಮೊದಲ ದಿನವೇ 170 ಗಳಿಸಿ ಅಜೇಯರಾಗಿ ನಿಂತು, ಮರುದಿನ 192ಕ್ಕೆ ಔಟಾದರು. ದೆಹಲಿಯಲ್ಲಿ ಮತ್ತೊಂದು ಶತಕ. ಸರಣಿಯಲ್ಲಿ ಒಟ್ಟು 525 ರನ್. ಒಂದೇ ಟೆಸ್ಟ್ ಸರಣಿಯಲ್ಲಿ 500 ದಾಟಿದ ಕೀಪರ್ ಅದುವರೆಗೆ ಯಾವ ದೇಶದಲ್ಲೂ ಇರಲಿಲ್ಲ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾ ಬಂದಾಗ ಮೂರೂ ಟೆಸ್ಟ್‌ಗಳಲ್ಲಿ ಕೀಪಿಂಗ್ ಮಾಡಿದವರು ಕೆ.ಎಸ್. ಇಂದ್ರಜಿತ್‌ಸಿಂಹಜಿ. ಕೀಪಿಂಗ್ ಚೆನ್ನಾಗಿದೆ ಎಂಬ ಕಾರಣಕ್ಕೆ ಒಬ್ಬರನ್ನು ಆರಿಸುವುದು ಸಮರ್ಥನೀಯ ತೀರ್ಮಾನವೇ. ಆದರೆ ಅದೇ ಅಳತೆಗೋಲನ್ನು ಮುಂದುವರಿಸಲಿಲ್ಲ. 1965ರಲ್ಲಿ ನ್ಯೂಜಿಲೆಂಡ್ ಬಂದಾಗ ಎಂಜಿನಿಯರ್. 1966–67ರಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಮೊದಲು ಕುಂದರನ್, ಮದ್ರಾಸ್ ಟೆಸ್ಟ್‌ಗೆ ಮತ್ತೆ ಎಂಜಿನಿಯರ್. ಆ ಪಂದ್ಯದ ಮೊದಲ ದಿನ ಊಟದ ವಿರಾಮಕ್ಕೆ ಮೊದಲೇ ಎಂಜಿನಿಯರ್ 94 ಗಳಿಸಿದ್ದರು. ಅಳತೆ ಒಮ್ಮೆ ಕೈ, ಇನ್ನೊಮ್ಮೆ ಬ್ಯಾಟು. ಆಟಗಾರನಿಗೆ ತಾನು ಯಾವುದರಲ್ಲಿ ಸೋತೆ ಎಂದು ತಿಳಿಯುವ ದಾರಿಯೇ ಇರಲಿಲ್ಲ.

1967ರ ಜುಲೈನಲ್ಲಿ ಎಜ್‌ಬಾಸ್ಟನ್‌ನಲ್ಲಿ ನಡೆದ ಟೆಸ್ಟ್ ಈ ಗೊಂದಲದ ತುದಿ. ಪ್ರಸನ್ನ, ಚಂದ್ರಶೇಖರ್, ಬೇಡಿ, ವೆಂಕಟರಾಘವನ್ ನಾಲ್ವರೂ ಒಟ್ಟಿಗೆ ಆಡಿದ ಏಕೈಕ ಟೆಸ್ಟ್ ಅದು. ಸ್ಪಿನ್ನರ್‌ಗಳೇ ತುಂಬಿದ್ದ ತಂಡದಲ್ಲಿ ಹೊಸ ಚೆಂಡು ಹಾಕುವವರಿರಲಿಲ್ಲ. ಮೈಸೂರು ರಾಜ್ಯದ ವಿ. ಸುಬ್ರಹ್ಮಣ್ಯ ಒಂದು ತುದಿ ಹಿಡಿದರೆ ಮತ್ತೊಂದು ತುದಿಯಿಂದ ಚೆಂಡು ಹಾಕಿದವರು ಕುಂದರನ್. ಕೈಗವಸು ಎಂಜಿನಿಯರ್ ಬಳಿ ಇತ್ತು. ಕುಂದರನ್‌ಗೆ ಅದೇ ಕೊನೆಯ ಟೆಸ್ಟ್. 18 ಟೆಸ್ಟ್‌ಗಳಲ್ಲಿ 981 ರನ್, ಸರಾಸರಿ 32.70. 46 ಟೆಸ್ಟ್ ಆಡಿದ ಎಂಜಿನಿಯರ್ ಸರಾಸರಿ 31.08. ಬ್ಯಾಟಿನ ಲೆಕ್ಕದಲ್ಲಿ ಇಬ್ಬರೂ ಹೆಚ್ಚುಕಡಿಮೆ ಸರಿಸಮ. ಕುಂದರನ್ ಕೆಲವು ವರ್ಷ ಮೈಸೂರು ತಂಡಕ್ಕೆ ಆಡಿ ಸ್ಕಾಟ್ಲೆಂಡಿಗೆ ಹೋಗಿ ನೆಲೆಸಿದರು. ಆ ದೇಶದ ಪರವಾಗಿಯೂ ಆಡಿದರು. 2006ರ ಜೂನ್‌ನಲ್ಲಿ ಗ್ಲಾಸ್ಗೋದಲ್ಲಿ ತೀರಿಕೊಂಡರು.

ಕಿರ್ಮಾನಿ: ಸ್ಪಿನ್ ಬೇಡಿದ ಕೈಗಳು

ಚಂದ್ರಶೇಖರ್‌ಗೆ ಕೀಪಿಂಗ್ ಮಾಡುವುದೆಂದರೇನು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪೋಲಿಯೊದಿಂದ ಸೊರಗಿದ ಬಲಗೈಯಿಂದ ಅವರು ಹಾಕುತ್ತಿದ್ದ ಗೂಗ್ಲಿ ಸಾಮಾನ್ಯ ಲೆಗ್ ಸ್ಪಿನ್ನಿಗಿಂತ ಬಹಳ ವೇಗ. ಕೀಪರ್ ಸ್ಟಂಪಿಗೆ ಅಂಟಿಕೊಂಡೇ ಕೂರಬೇಕು. ಬ್ಯಾಟ್ಸ್‌ಮನ್ನಿನ ಮೈ ಅಡ್ಡ ಬಂದು ಚೆಂಡು ಒಂದು ಕ್ಷಣ ಮರೆಯಾಗುತ್ತದೆ. ಮೊದಲೇ ಎದ್ದರೆ ಕೆಳಗೆ ಉಳಿದ ಚೆಂಡು ಕಾಲ ಸಂದಿಯಲ್ಲಿ ಹೋಗುತ್ತದೆ, ತಡವಾಗಿ ಎದ್ದರೆ ಪುಟಿದ ಚೆಂಡು ಎದೆಗೆ ಬಡಿಯುತ್ತದೆ. ಚೆಂಡು ನೆಲ ಮುಟ್ಟುವವರೆಗೆ ಕುಕ್ಕರಗಾಲಿನಲ್ಲೇ ಇದ್ದು, ಅದು ಏಳುವಾಗ ಅದರ ಜೊತೆಗೇ ಕೈ ಏಳಬೇಕು. ಬಂದ ಚೆಂಡಿಗೆ ಕೈಯನ್ನು ಎದುರೊಡ್ಡದೆ ತುಸು ಹಿಂದಕ್ಕೆ ಎಳೆದುಕೊಂಡು ಒಳಗೆ ತೆಗೆದುಕೊಳ್ಳಬೇಕು. ಈ ವಿದ್ಯೆಯನ್ನು ಕಿರ್ಮಾನಿ ಕಲಿತದ್ದು ರಾಜ್ಯ ತಂಡದಲ್ಲಿ, ಪ್ರಸನ್ನ ಮತ್ತು ಚಂದ್ರಶೇಖರ್ ಅವರ ಹಿಂದೆ ವರ್ಷಗಟ್ಟಲೆ ಕೂತು.

1971 ಮತ್ತು 1974ರ ಇಂಗ್ಲೆಂಡ್ ಪ್ರವಾಸಗಳಲ್ಲಿ ಅವರು ಎಂಜಿನಿಯರ್‌ಗೆ ಮೀಸಲು ಕೀಪರ್. ಟೆಸ್ಟ್ ಕ್ಯಾಪ್ ಸಿಕ್ಕಿದ್ದು 1976ರ ಜನವರಿಯಲ್ಲಿ, ಆಕ್ಲೆಂಡ್‌ನಲ್ಲಿ. ಎರಡನೇ ಟೆಸ್ಟ್‌ನಲ್ಲೇ ಕ್ರೈಸ್ಟ್‌ಚರ್ಚ್‌ನಲ್ಲಿ ಒಂದು ಇನಿಂಗ್ಸ್‌ನಲ್ಲಿ ಆರು ಬಲಿ ಪಡೆದು ಅಂದಿನ ವಿಶ್ವದಾಖಲೆ ಸರಿಗಟ್ಟಿದರು. ಇಷ್ಟಾದರೂ 1979ರ ವಿಶ್ವಕಪ್ ಮತ್ತು ಇಂಗ್ಲೆಂಡ್ ಪ್ರವಾಸದ ತಂಡದಲ್ಲಿ ಅವರ ಹೆಸರಿರಲಿಲ್ಲ. ನಾಲ್ಕೂ ಟೆಸ್ಟ್‌ಗಳಲ್ಲಿ ತಮಿಳುನಾಡಿನ ಭರತ್ ರೆಡ್ಡಿ ಕೀಪಿಂಗ್ ಮಾಡಿದರು. ಅದೇ ವರ್ಷ ಆಸ್ಟ್ರೇಲಿಯಾ ಭಾರತಕ್ಕೆ ಬಂದಾಗ ಕಿರ್ಮಾನಿ ಮರಳಿದರು. ಮುಂಬೈ ಟೆಸ್ಟ್‌ನಲ್ಲಿ ನೈಟ್ ವಾಚ್‌ಮನ್ ಆಗಿ ಹೋಗಿ ಅಜೇಯ 101 ಗಳಿಸಿದರು. ಆ ಶತಕ ಅವರ ಜಾಗವನ್ನು ಗಟ್ಟಿ ಮಾಡಿತೆಂಬುದು ನಿಜ. ಆದರೆ ಅವರು ಜಾಗ ಉಳಿಸಿಕೊಂಡದ್ದು ಕೈಯಿಂದ. 1981–82ರ ಇಂಗ್ಲೆಂಡ್ ಸರಣಿಯಲ್ಲಿ ಸತತ ಮೂರು ಟೆಸ್ಟ್‌ಗಳಲ್ಲಿ ಎದುರಾಳಿ 1964 ರನ್ ಗಳಿಸುವವರೆಗೆ ಅವರು ಒಂದೇ ಒಂದು ಬೈ ಬಿಡಲಿಲ್ಲ.

1983ರ ವಿಶ್ವಕಪ್‌ನಲ್ಲಿ ಎರಡೂ ಗುಣಗಳು ಒಂದೇ ವಾರದ ಅಂತರದಲ್ಲಿ ಕಂಡವು. ಜೂನ್ 11ರಂದು ಲೆಸ್ಟರ್‌ನಲ್ಲಿ ಜಿಂಬಾಬ್ವೆ ವಿರುದ್ಧ ಐದು ಕ್ಯಾಚ್. ಜೂನ್ 18ರಂದು ಟನ್‌ಬ್ರಿಡ್ಜ್ ವೆಲ್ಸ್‌ನಲ್ಲಿ ಅದೇ ತಂಡದ ವಿರುದ್ಧ, 17ಕ್ಕೆ 5 ವಿಕೆಟ್ ಕಳೆದುಕೊಂಡಿದ್ದ ಭಾರತಕ್ಕೆ ಕಪಿಲ್ ದೇವ್ ಜೊತೆ ಮುರಿಯದ ಒಂಬತ್ತನೇ ವಿಕೆಟ್‌ಗೆ 126 ರನ್. ಕಪಿಲ್ 175, ಕಿರ್ಮಾನಿ 24. ಕೀಪರ್‌ನಿಂದ ತಂಡ ಬಯಸುವ ಬ್ಯಾಟಿಂಗ್‌ಗೆ ಆ 24 ರನ್ ಒಳ್ಳೆಯ ವ್ಯಾಖ್ಯಾನ: ಇನ್ನೊಬ್ಬ ಹೊಡೆಯುವವರೆಗೆ ತಾನು ಬೀಳದೆ ನಿಲ್ಲುವುದು. ಆ ವಿಶ್ವಕಪ್‌ನ ಶ್ರೇಷ್ಠ ವಿಕೆಟ್‌ಕೀಪರ್ ಗೌರವ ಅವರಿಗೇ ಸಂದಿತು.

88 ಟೆಸ್ಟ್, 2759 ರನ್, 160 ಕ್ಯಾಚ್, 38 ಸ್ಟಂಪಿಂಗ್. ಮಹೇಂದ್ರ ಸಿಂಗ್ ಧೋನಿ 90 ಟೆಸ್ಟ್‌ಗಳಲ್ಲಿ ಮಾಡಿದ ಸ್ಟಂಪಿಂಗ್ ಕೂಡ 38. ಧೋನಿ ಗಳಿಸಿದ ರನ್ 4876. ಸ್ಟಂಪಿನ ಹತ್ತಿರದ ಕೆಲಸದಲ್ಲಿ ಇಬ್ಬರೂ ಸಮ, ರನ್ನಿನಲ್ಲಿ 2000ಕ್ಕೂ ಹೆಚ್ಚಿನ ಅಂತರ. ಎರಡು ಯುಗಗಳ ನಡುವೆ ಕೀಪರ್‌ನ ಹೊಣೆಗೆ ಬ್ಯಾಟಿನ ಭಾರ ಎಷ್ಟು ಸೇರಿಕೊಂಡಿತು ಎಂಬುದಕ್ಕೆ ಈ ಎರಡು ಸಾಲುಗಳೇ ಸಾಕ್ಷಿ.

ಸದಾನಂದ ವಿಶ್ವನಾಥ್: ಒಂದು ವರ್ಷದ ಬೆಳಕು

1984ರ ಕೊನೆಗೆ ಮುಂಬೈನಲ್ಲಿ ಕಿರ್ಮಾನಿ ಇಂಗ್ಲೆಂಡ್ ವಿರುದ್ಧ 102 ಗಳಿಸಿ, ರವಿಶಾಸ್ತ್ರಿ ಜೊತೆ ಏಳನೇ ವಿಕೆಟ್‌ಗೆ 235 ಸೇರಿಸಿದರು. ಕೆಲವೇ ತಿಂಗಳಲ್ಲಿ ಏಕದಿನ ತಂಡಕ್ಕೆ ಬೆಂಗಳೂರಿನವರೇ ಆದ 22ರ ಹರೆಯದ ಸದಾನಂದ ವಿಶ್ವನಾಥ್ ಬಂದರು. 1985ರ ಮಾರ್ಚ್ 10ರಂದು ಮೆಲ್ಬರ್ನ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಫೈನಲ್. 48 ಗಳಿಸಿ ಕುದುರಿಕೊಂಡಿದ್ದ ಜಾವೇದ್ ಮಿಯಾಂದಾದ್ ಲೆಗ್ ಸ್ಪಿನ್ನರ್ ಶಿವರಾಮಕೃಷ್ಣನ್ ಎಸೆತಕ್ಕೆ ಮುಂದೆ ಬಂದಾಗ ವಿಶ್ವನಾಥ್ ಬೇಲ್ ಹಾರಿಸಿದರು. ಭಾರತ ಗೆದ್ದಿತು. ಆ ತಂಡದ ಗೆಲುವಿನಲ್ಲಿ ಅವರ ಕೈಚಳಕದ ಪಾಲು ಎಲ್ಲರಿಗೂ ಕಂಡಿತು, ಏಕೆಂದರೆ ಆ ತಂಡದ ಪ್ರಮುಖ ಅಸ್ತ್ರ ಲೆಗ್ ಸ್ಪಿನ್ ಆಗಿತ್ತು.

ಅದೇ ವರ್ಷ ಶ್ರೀಲಂಕಾದಲ್ಲಿ ಅವರು ಮೂರು ಟೆಸ್ಟ್ ಆಡಿದರು. ಸ್ಟಂಪಿನ ಹಿಂದೆ 11 ಕ್ಯಾಚ್, ಬ್ಯಾಟಿನಿಂದ 31 ರನ್. ಮತ್ತೆ ಟೆಸ್ಟ್ ಸಿಗಲಿಲ್ಲ. ಆಸ್ಟ್ರೇಲಿಯಾ ಪ್ರವಾಸಕ್ಕೆ ಕಿರ್ಮಾನಿ ಮರಳಿ, 1986ರ ಜನವರಿಯ ಸಿಡ್ನಿ ಟೆಸ್ಟ್‌ನೊಂದಿಗೆ ಅವರ ಅಧ್ಯಾಯವೂ ಮುಗಿಯಿತು. ಕಿರಣ್ ಮೋರೆ ಆ ಜಾಗಕ್ಕೆ ಬಂದರು. ಕಿರ್ಮಾನಿಗೆ ರೂಪುಗೊಳ್ಳಲು ಸಿಕ್ಕಷ್ಟು ಕಾಲ ವಿಶ್ವನಾಥ್‌ಗೆ ಸಿಗಲಿಲ್ಲ. ಒಂದೇ ತಂಡದ ಮಣ್ಣಿನಲ್ಲಿ ಬೆಳೆದ ಇಬ್ಬರ ಹಣೆಬರಹಕ್ಕೆ ಇದ್ದ ವ್ಯತ್ಯಾಸ ಈ ಕಾಲಾವಕಾಶದ್ದು.

ಮಹಿಳಾ ಕ್ರಿಕೆಟ್‌ನ ಸಾಕ್ಷ್ಯ

ಈ ಚರಿತ್ರೆಯನ್ನು ಪುರುಷರ ಆಟಕ್ಕೆ ಸೀಮಿತಗೊಳಿಸಿದರೆ ಚಿತ್ರ ಅರ್ಧವಾಗುತ್ತದೆ. ಕರ್ನಾಟಕದ ವಿ. ಕಲ್ಪನಾ 1993ರ ವಿಶ್ವಕಪ್‌ನಲ್ಲಿ ಸ್ಲೌನಲ್ಲಿ ಡೆನ್ಮಾರ್ಕ್ ವಿರುದ್ಧ ಒಂದೇ ಪಂದ್ಯದಲ್ಲಿ ಆರು ಬಲಿ ಪಡೆದರು. ಅದರಲ್ಲಿ ಐದು ಸ್ಟಂಪಿಂಗ್. ಸ್ಪಿನ್ ಇರುವ ತಂಡಕ್ಕೆ ಕೀಪರ್ ಇನ್ನೊಬ್ಬ ಬೌಲರ್‌ಗೆ ಸಮ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸುವ ಅಂಕಿ ಇನ್ನೊಂದಿಲ್ಲ. ಹನ್ನೊಂದು ವರ್ಷದ ಬಳಿಕ, 2004ರಲ್ಲಿ, ಬೆಂಗಳೂರಿನ ಕರುಣಾ ಜೈನ್ ಲಖನೌನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಮೊದಲ ಏಕದಿನ ಪಂದ್ಯದಲ್ಲೇ 64 ರನ್ ಗಳಿಸಿದರು. ಮುಂದೆ 5 ಟೆಸ್ಟ್, 44 ಏಕದಿನ, 9 ಟಿ20 ಆಡಿದರು. ಕಲ್ಪನಾ ನೆನಪಾಗುವುದು ಸ್ಟಂಪಿಂಗ್‌ನಿಂದ, ಕರುಣಾ ಆರಂಭಿಕ ಬ್ಯಾಟರ್ ಆಗಿಯೂ. ಪುರುಷರ ತಂಡದಲ್ಲಿ ಆದ ಪಲ್ಲಟವೇ ಇಲ್ಲೂ ಆಯಿತು.

ದ್ರಾವಿಡ್: ಒಂದೇ ತಂಡ, ಎರಡು ಉತ್ತರ

2002ರಲ್ಲಿ ಸೌರವ್ ಗಂಗೂಲಿ ನಾಯಕತ್ವದ ಏಕದಿನ ತಂಡಕ್ಕೆ ಏಳು ತಜ್ಞ ಬ್ಯಾಟ್ಸ್‌ಮನ್‌ಗಳು ಬೇಕಾಗಿದ್ದರು. ಕೀಪರ್ ಬ್ಯಾಟ್ ಮಾಡಬಲ್ಲನೇ ಎಂಬ ಹಳೆಯ ಪ್ರಶ್ನೆ ತಿರುಗಿ, ಬ್ಯಾಟ್ಸ್‌ಮನ್ ಕೀಪಿಂಗ್ ಮಾಡಬಲ್ಲನೇ ಎಂದಾಯಿತು. ಹೊಣೆ ಬಿದ್ದದ್ದು ದ್ರಾವಿಡ್ ಮೇಲೆ. 2003ರ ವಿಶ್ವಕಪ್‌ನಲ್ಲಿ ಮೀಸಲು ಕೀಪರ್ ಪಾರ್ಥಿವ್ ಪಟೇಲ್ ತಂಡದಲ್ಲಿದ್ದರೂ ಫೈನಲ್‌ವರೆಗೆ ಗ್ಲೌಸ್ ತೊಟ್ಟವರು ದ್ರಾವಿಡ್. ಒಟ್ಟು 73 ಏಕದಿನ ಪಂದ್ಯಗಳಲ್ಲಿ ಅವರು ಈ ಕೆಲಸ ಮಾಡಿದರು.

ಗಮನಿಸಬೇಕಾದ್ದು ಮತ್ತೊಂದಿದೆ. ಅದೇ ಅವಧಿಯಲ್ಲಿ ಟೆಸ್ಟ್ ತಂಡಕ್ಕೆ ಅಜಯ್ ರಾತ್ರಾ, ಆಮೇಲೆ 17 ವರ್ಷದ ಪಾರ್ಥಿವ್ ಪಟೇಲ್ ಆಯ್ಕೆಯಾದರು. ಒಬ್ಬರೇ ನಾಯಕ, ಎರಡು ಮಾದರಿಯ ಆಟಕ್ಕೆ ಎರಡು ಉತ್ತರ. ಐವತ್ತು ಓವರ್‌ಗಳಲ್ಲಿ ಹೆಚ್ಚುವರಿ ಬ್ಯಾಟ್ಸ್‌ಮನ್ ತರುವ ಲಾಭ, ಅಪರೂಪಕ್ಕೆ ತಪ್ಪುವ ಅವಕಾಶದ ನಷ್ಟವನ್ನು ಮೀರಬಹುದು. ಐದು ದಿನದ ಆಟದಲ್ಲಿ ಕುಂಬ್ಳೆ, ಹರಭಜನ್ ದಿನವಿಡೀ ಚೆಂಡು ಹಾಕುವಾಗ ಆ ಲೆಕ್ಕ ತಲೆಕೆಳಗಾಗುತ್ತದೆ. ತಕ್ಕಡಿಯನ್ನು ಪ್ರಜ್ಞಾಪೂರ್ವಕವಾಗಿ ಹಿಡಿದ ಆಯ್ಕೆ ಇದು. ಕುಂದರನ್ ಕಾಲದಲ್ಲಿ ಇಲ್ಲದ ಸ್ಪಷ್ಟತೆ ಇಲ್ಲಿ ಕಾಣುತ್ತದೆ.

ಕೆ.ಎಲ್. ರಾಹುಲ್: ವೃತ್ತ ಪೂರ್ತಿಯಾದದ್ದು

2020ರ ಜನವರಿಯಲ್ಲಿ ಮುಂಬೈ ಏಕದಿನ ಪಂದ್ಯದಲ್ಲಿ ರಿಷಭ್ ಪಂತ್ ತಲೆಗೆ ಪೆಟ್ಟು ಬಿದ್ದಾಗ ರಾಹುಲ್ ಗ್ಲೌಸ್ ತೊಟ್ಟರು. ಮುಂದಿನ ರಾಜ್‌ಕೋಟ್ ಪಂದ್ಯದಲ್ಲಿ 52 ಎಸೆತಕ್ಕೆ 80 ಗಳಿಸಿ, ಜಡೇಜ ಬೌಲಿಂಗ್‌ನಲ್ಲಿ ಆರನ್ ಫಿಂಚ್ ಅವರನ್ನು ಸ್ಟಂಪ್ ಮಾಡಿದರು. 2023ರ ವಿಶ್ವಕಪ್‌ನಲ್ಲಿ ಭಾರತದ ಮೊದಲ ಪಂದ್ಯ, ಅಕ್ಟೋಬರ್ 8, ಚೆನ್ನೈ: ಆಸ್ಟ್ರೇಲಿಯಾದ 49.3 ಓವರ್‌ಗಳುದ್ದಕ್ಕೂ ಸೆಕೆಯಲ್ಲಿ ಕೂತು ಎದ್ದ ರಾಹುಲ್, ಭಾರತ 2 ರನ್ನಿಗೆ 3 ವಿಕೆಟ್ ಕಳೆದುಕೊಂಡಾಗ ಬೆವರು ಆರುವ ಮೊದಲೇ ಮತ್ತೆ ಮೈದಾನಕ್ಕಿಳಿದು ಅಜೇಯ 97 ಗಳಿಸಿದರು. ಟೂರ್ನಿಯಲ್ಲಿ 452 ರನ್, ಸ್ಟಂಪಿನ ಹಿಂದೆ 17 ಬಲಿ. 2025ರ ಚಾಂಪಿಯನ್ಸ್ ಟ್ರೋಫಿಯಲ್ಲೂ ಪಂತ್ ಬದಲು ಅವರನ್ನೇ ಆಡಿಸಲಾಯಿತು. ಮಾರ್ಚ್ 9ರ ದುಬೈ ಫೈನಲ್‌ನಲ್ಲಿ ಅವರು ಅಜೇಯ 34 ಗಳಿಸಿ ಗೆಲುವಿನವರೆಗೆ ನಿಂತರು.

ಟೆಸ್ಟ್ ವಿಷಯ ಬೇರೆ. 2023ರ ಡಿಸೆಂಬರ್‌ನಲ್ಲಿ ವೇಗಿಗಳ ನೆಲವಾದ ಸೆಂಚೂರಿಯನ್‌ನಲ್ಲಿ ಅವರು ಕೀಪರ್ ಆಗಿ ಆಡಿ 101 ಗಳಿಸಿದರು. ಮುಂದಿನ ತಿಂಗಳು ಇಂಗ್ಲೆಂಡ್ ಭಾರತಕ್ಕೆ ಬಂದಾಗ, ರಾಹುಲ್ ಈ ಸರಣಿಯಲ್ಲಿ ಕೀಪಿಂಗ್ ಮಾಡುವುದಿಲ್ಲ ಎಂದು ತಂಡದ ಕೋಚ್ ಸಾರ್ವಜನಿಕವಾಗಿ ಹೇಳಿದರು. ಆ ಕೋಚ್ ಬೇರೆ ಯಾರೂ ಅಲ್ಲ, ರಾಹುಲ್ ದ್ರಾವಿಡ್. ಸ್ವತಃ 73 ಪಂದ್ಯಗಳಲ್ಲಿ ತಂಡಕ್ಕಾಗಿ ಗ್ಲೌಸ್ ತೊಟ್ಟವರಿಗೆ, ಅಶ್ವಿನ್ ಮತ್ತು ಜಡೇಜ ಬೌಲ್ ಮಾಡುವ ನೆಲದಲ್ಲಿ ತಜ್ಞ ಕೀಪರ್ ಏಕೆ ಬೇಕು ಎಂಬುದು ಅನುಭವದಿಂದ ಬಂದ ಅರಿವು. ಮೊದಲ ಎರಡು ಟೆಸ್ಟ್‌ಗೆ ಕೆ.ಎಸ್. ಭರತ್, ರಾಜ್‌ಕೋಟ್‌ನಿಂದ ಧ್ರುವ್ ಜುರೆಲ್. ರಾಂಚಿಯಲ್ಲಿ ಜುರೆಲ್ 90 ಮತ್ತು ಅಜೇಯ 39 ಗಳಿಸಿ ಪಂದ್ಯಶ್ರೇಷ್ಠರಾದರು. ಕೈ ನೋಡಿ ಆರಿಸಿದ ಕೀಪರ್ ಬ್ಯಾಟಿನಿಂದಲೂ ತಂಡವನ್ನು ಕಾಪಾಡಿದ.

ಉಪಸಂಹಾರ

ಈ ಅರವತ್ತೈದು ವರ್ಷಗಳ ಸಾಕ್ಷ್ಯದಿಂದ ಮೂರು ನಿರ್ಣಯಗಳು ಹೊರಡುತ್ತವೆ. ಒಂದು, ಸ್ಪಿನ್ನರ್‌ಗಳು ಹೆಚ್ಚು ಓವರ್ ಹಾಕುವ ಟೆಸ್ಟ್‌ನಲ್ಲಿ ಕೀಪರ್‌ನ ಕೈ ಮೊದಲು, ಬ್ಯಾಟ್ ಆಮೇಲೆ. ಕಿರ್ಮಾನಿಯ ಇಡೀ ವೃತ್ತಿ ಮತ್ತು 2024ರ ತೀರ್ಮಾನ ಎರಡೂ ಇದನ್ನೇ ಹೇಳುತ್ತವೆ. ಎರಡು, ಸೀಮಿತ ಓವರ್‌ಗಳಲ್ಲಿ ದ್ರಾವಿಡ್ ಅಥವಾ ರಾಹುಲ್ ಮಾದರಿ ನ್ಯಾಯವೇ, ಆದರೆ ಆ ಬ್ಯಾಟ್ಸ್‌ಮನ್‌ಗೆ ಕೀಪಿಂಗ್ ಕಲಿಯುವ ಕಾಲ ಕೊಟ್ಟಿರಬೇಕು. ಮೂರು, ಅಳತೆಗೋಲು ಯಾವುದೇ ಇರಲಿ, ಅದನ್ನು ಆಟಗಾರನಿಗೆ ಮೊದಲೇ ಹೇಳಬೇಕು. ಕುಂದರನ್‌ಗೆ ಆದ ಅನ್ಯಾಯ ಅವರನ್ನು ಕೈಬಿಟ್ಟದ್ದರಲ್ಲಿ ಇರಲಿಲ್ಲ. ಸರಣಿಯಿಂದ ಸರಣಿಗೆ ಅಳತೆ ಬದಲಾದದ್ದರಲ್ಲಿ ಇತ್ತು.

ಇದಕ್ಕೆ ಬೇಕಾದ ಲೆಕ್ಕಪತ್ರ ಬರೆಯುವುದು ಕಷ್ಟವಲ್ಲ. ಪ್ರತಿ ಪಂದ್ಯದಲ್ಲೂ ಕೀಪರ್‌ಗೆ ಬಂದ ಅವಕಾಶವೆಷ್ಟು, ಹಿಡಿದದ್ದೆಷ್ಟು, ಬಿಟ್ಟದ್ದೆಷ್ಟು, ಸ್ಪಿನ್‌ಗೆ ಎಷ್ಟು, ವೇಗಕ್ಕೆ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದಿಟ್ಟರೆ ಸಾಕು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಶಾಲಾ ಪಂದ್ಯಗಳಲ್ಲಿ ಸ್ಕೋರ್ ಬರೆಯುವ ದೈಹಿಕ ಶಿಕ್ಷಕರು ಇದನ್ನು ಈ ವರ್ಷವೇ ಆರಂಭಿಸಬಹುದು. ಕಲ್ಯದ ಬಯಲಿನ ಹುಡುಗರಲ್ಲಿ ಒಂದು ಮನವಿ: ಬೈ ರನ್ ಎಣಿಸಿ, ಕಾಮನ್ ಕೀಪರ್ ಪದ್ಧತಿ ಬಿಡಿ, ನಿಮ್ಮಲ್ಲಿ ಒಬ್ಬನಿಗೆ ಆ ಜಾಗವನ್ನು ಅವನದೆಂದೇ ಕೊಡಿ.